ಮಕ್ಕಳ ಪ್ರಯೋಗಪಾಠದಲ್ಲಿ ಚರ ಮತ್ತು ಸ್ಥಿರ

(ವನಗೂರಿನಲ್ಲಿ ನೀಡಿದ ದತ್ತಿ ಉಪನ್ಯಾಸ)



ಇಂದಿನ ವಿಷಯವಾಗಿ ನಾನು ಆರಿಸಿಕೊಂಡಿರುವುದು ಶಾಲೆಯ ವಿಜ್ಞಾನಪಾಠದ ಒಂದು ಸಣ್ಣ ಅಂಗ: ಪ್ರಯೋಗವೊಂದರಲ್ಲಿ ಬದಲಾಗತಕ್ಕ ಅಂಶಗಳು ಯಾವುವು, ಬದಲಾಗದೆ ನಿಲ್ಲತಕ್ಕವು ಯಾವುವು ಎಂಬುದನ್ನು ಮಕ್ಕಳಿಗೆ ಮನಗಾಣಿಸುವ ಬಗೆ. ಪಠ್ಯಪುಸ್ತಕದಲ್ಲಿ ಕೆಲವೇ ಸಾಲುಗಳಲ್ಲಿ ಮುಗಿದುಹೋಗುವ ಈ ಮಾತಿಗೆ ಒಂದು ಸಂಜೆಯ ಹೊತ್ತನ್ನು ಕೊಡುವುದು ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಮಲೆನಾಡಿನ ಅಡಿಕೆಯನ್ನೂ ಕಾಫಿಯನ್ನೂ ರೋಗದ ಬಾಯಿಂದ ಕಾಪಾಡಿದ ವಿದ್ಯೆಗೆ ಈ ಕೆಲವು ಸಾಲುಗಳೇ ಆಧಾರವೆಂಬುದನ್ನು ನೆನೆದರೆ ಆ ಸಂದೇಹವು ತಾನಾಗಿಯೇ ಪರಿಹಾರವಾದೀತೆಂದು ನಂಬಿದ್ದೇನೆ.

ವಿಷಯವನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿಕೊಂಡಿದ್ದೇನೆ. ಮೊದಲನೆಯದು, ಕಾರಣವನ್ನು ಹುಡುಕುವಾಗ ಮಗುವಿನ ಬುದ್ಧಿ ಹಿಡಿಯುವ ದಾರಿ. ಎರಡನೆಯದು, ಅಡಿಕೆಯ ಕೊಳೆರೋಗದ ಇತಿಹಾಸವು ಕಲಿಸುವ ಪಾಠ. ಮೂರನೆಯದು, ಕಣ್ಣಿಗೆ ಬೀಳದೆ ಬದಲಾಗುವ ಅಂಶಗಳ ವಿಚಾರ. ನಾಲ್ಕನೆಯದು, ಇಂಥ ಊರಿನ ಶಾಲೆಯಲ್ಲಿ ಹೆಚ್ಚಿನ ವೆಚ್ಚವಿಲ್ಲದೆ ನಡೆಸಬಹುದಾದ ಪ್ರಯೋಗಗಳು. ಉದ್ದಕ್ಕೂ ನಾನು ಪ್ರತಿಪಾದಿಸಲಿಚ್ಛಿಸುವ ಮಾತು ಒಂದೇ: ಏನನ್ನಾದರೂ ಬದಲಿಸಿ ನೋಡುವುದು ಮಗುವಿಗೆ ಸಹಜವಾಗಿಯೇ ಬರುತ್ತದೆ, ಉಳಿದುದನ್ನು ಇದ್ದಂತೆಯೇ ಇರಗೊಡುವುದನ್ನು ಮಾತ್ರ ಕಲಿಸಿಯೇ ತೀರಬೇಕಾಗುತ್ತದೆ, ಮತ್ತು ಅಧ್ಯಾಪಕನ ಶ್ರಮವು ಮುಖ್ಯವಾಗಿ ಅಲ್ಲಿಯೇ ವಿನಿಯೋಗವಾಗತಕ್ಕದ್ದು.

ಮೊದಲನೆಯ ಭಾಗಕ್ಕೆ ಬರೋಣ. ಪ್ರಯೋಗದಲ್ಲಿ ನಾವು ಬೇಕೆಂದು ಬದಲಿಸುವ ಅಂಶಕ್ಕೆ ಸ್ವತಂತ್ರ ಚರವೆಂದೂ, ಅದರ ಫಲವಾಗಿ ಬದಲಾದೀತೆಂದು ನಾವು ಅಳೆಯುವ ಅಂಶಕ್ಕೆ ಅವಲಂಬಿತ ಚರವೆಂದೂ, ಎರಡು ಪಕ್ಷಗಳಲ್ಲಿಯೂ ಸಮನಾಗಿ ಇರಿಸುವ ಮಿಕ್ಕೆಲ್ಲವಕ್ಕೂ ನಿಯಂತ್ರಿತ ಅಂಶಗಳೆಂದೂ ಹೆಸರಿಡಬಹುದು. ಈ ಹೆಸರುಗಳನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುವ ಬಾಲಕನೇ, ಕೈಗೆ ದಾರವನ್ನೂ ಕಲ್ಲನ್ನೂ ಕೊಟ್ಟು ಲೋಲಕದ ತೂಗಾಟದ ವೇಗಕ್ಕೆ ಕಾರಣವಾವುದೆಂದು ಕೇಳಿದರೆ, ಉದ್ದದ ದಾರಕ್ಕೆ ಭಾರದ ಕಲ್ಲನ್ನೂ ಗಿಡ್ಡ ದಾರಕ್ಕೆ ಹಗುರವಾದ ಕಲ್ಲನ್ನೂ ಕಟ್ಟಿ, ಮೊದಲನೆಯದು ಮೆಲ್ಲಗೆ ತೂಗುವುದನ್ನು ಕಂಡು, ಭಾರವೇ ಇದಕ್ಕೆ ಕಾರಣವೆಂದು ನಿಸ್ಸಂದೇಹವಾಗಿ ಸಾರಿಬಿಡುತ್ತಾನೆ. ಅವನ ಕಣ್ಣು ಸುಳ್ಳು ಹೇಳಲಿಲ್ಲ. ಎರಡು ಅಂಶಗಳನ್ನು ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಯಾವುದಾಯಿತೆಂದು ಹೇಳುವ ಅಧಿಕಾರವು ಉಳಿಯಲಿಲ್ಲ, ಅಷ್ಟೆ.

ಇದೇ ಲೋಲಕವನ್ನು ಮಕ್ಕಳ ಮುಂದಿಟ್ಟು ಅವರ ವಿಚಾರಸರಣಿಯನ್ನು ಪರಿಶೀಲಿಸಿದವರು ಜಿನೀವಾದ ಬೆರ್ಬೆಲ್ ಇನ್‌ಹೆಲ್ಡರ್ ಮತ್ತು ಜೀನ್ ಪಿಯಾಜೆ. 1955ರಲ್ಲಿ ಪ್ರಕಟವಾದ ಅವರ ಗ್ರಂಥವು, ದಾರದ ಉದ್ದ, ಗುಂಡಿನ ಭಾರ, ಬಿಡುವ ಎತ್ತರ, ತಳ್ಳುವ ಬಲ ಎಂಬ ನಾಲ್ಕರಲ್ಲಿ ಒಂದನ್ನು ಮಾತ್ರ ಬದಲಿಸಿ ಮೂರನ್ನು ಸ್ಥಿರವಾಗಿಡುವ ಕ್ರಮವು ಚಿಕ್ಕ ಮಕ್ಕಳಿಗೆ ತಾನಾಗಿ ಹೊಳೆಯುವುದಿಲ್ಲವೆಂದೂ, ಬಾಲ್ಯವು ಕಳೆದು ಕೌಮಾರಕ್ಕೆ ಕಾಲಿಡುವ ವಯಸ್ಸಿನಲ್ಲಿ ಅದು ಕ್ರಮೇಣ ಮೂಡುತ್ತದೆಂದೂ ನಿರೂಪಿಸಿತು. ಎಷ್ಟನೆಯ ವಯಸ್ಸು ಎಂಬ ವಿಷಯದಲ್ಲಿ ಬಳಿಕ ಬಂದವರು ವಾದ ಹೂಡಿರುವರಾದರೂ, ಈ ಕ್ರಮವು ಹುಟ್ಟಿನಿಂದಲೇ ಬರುವಂಥದಲ್ಲ ಎಂಬ ಮೂಲ ಮಾತಿಗೆ ಹಾನಿಯೇನೂ ಬಂದಿಲ್ಲ.

ಬಾಲಕನು ತನ್ನ ಕಲ್ಲನ್ನು ಬದಲಿಸದೆ ದಾರವನ್ನು ಮಾತ್ರ ಬದಲಿಸಿದನೆನ್ನಿ. ಕಾಲು ಮೀಟರು ಉದ್ದದ ದಾರದಲ್ಲಿ 20 ಸಲ ಹೋಗಿ ಬರಲು ಸುಮಾರು 20 ಸೆಕೆಂಡುಗಳೂ, ಒಂದು ಮೀಟರಿನ ದಾರದಲ್ಲಿ ಅಷ್ಟೇ ತೂಗಾಟಕ್ಕೆ ಸುಮಾರು 40 ಸೆಕೆಂಡುಗಳೂ ಹಿಡಿಯುತ್ತವೆ. ಅನಂತರ ದಾರವನ್ನು ಹಾಗೆಯೇ ಉಳಿಸಿ ಕಲ್ಲನ್ನು ಬದಲಿಸಿದರೆ ಲೆಕ್ಕದಲ್ಲಿ ಹೇಳಿಕೊಳ್ಳತಕ್ಕ ವ್ಯತ್ಯಾಸವೇನೂ ಕಾಣುವುದಿಲ್ಲ. ಈ ಎರಡನೆಯ ಫಲವನ್ನು ಮಕ್ಕಳು ಪ್ರಯೋಗವು ಕೆಟ್ಟಿತೆಂದು ಬಗೆದು ಅಳಿಸಿಹಾಕುವುದುಂಟು. ವ್ಯತ್ಯಾಸವಾಗಲಿಲ್ಲ ಎಂಬುದೂ ಒಂದು ಜ್ಞಾನವೇ ಎಂಬುದನ್ನು ಆ ಕ್ಷಣದಲ್ಲಿಯೇ ತಿಳಿಯಹೇಳಿ, ಆ ಸಂಖ್ಯೆಯನ್ನು ಮೊದಲನೆಯದರಷ್ಟೇ ಗೌರವದಿಂದ ಬರೆದಿರಿಸುವಂತೆ ಮಾಡುವುದು ಅಧ್ಯಾಪಕನ ಕರ್ತವ್ಯ.

ಇನ್ನು ಎರಡನೆಯ ಭಾಗ. ಪಾಠಶಾಲೆಯಲ್ಲಿ ದಾರ ಮತ್ತು ಕಲ್ಲುಗಳಾಗಿ ಕಂಡ ಸಮಸ್ಯೆಯೇ ಹೊರಗೆ ತೋಟದಲ್ಲಿ ಬದುಕಿನ ಸಮಸ್ಯೆಯಾಗಿ ನಿಲ್ಲುತ್ತದೆ. ಅಡಿಕೆ ಬೆಳೆಯುವ ಮಲೆನಾಡಿನಲ್ಲಿ ಮುಂಗಾರು ಬಿಡದೆ ಹಿಡಿದಾಗ ಎಳೆಗಾಯಿಗಳು ಕೊಳೆತು ಉದುರುವ ಕೊಳೆರೋಗವನ್ನು ಅರಿಯದವರಿಲ್ಲ. ಔಷಧಿಯೆಂಬುದೇ ಇಲ್ಲದಿದ್ದ ಕಾಲದಲ್ಲಿ ಬೆಳೆಗಾರರು ಮಳೆಗಾಲಕ್ಕೆ ಮುಂಚೆ ಗೊನೆಗಳಿಗೆ ಕೊಟ್ಟೆಯೆಂಬ ಹೊದಿಕೆಯನ್ನು ಕಟ್ಟುತ್ತಿದ್ದರು. ಕಾಯಿಗೆ ನೀರು ತಾಗದಿದ್ದರೆ ರೋಗವೂ ತಾಗದೆಂಬ ಅನುಭವವು ಆ ಕೊಟ್ಟೆಯಲ್ಲಿ ಅಡಗಿತ್ತು. ಕೊಟ್ಟೆ ಕಟ್ಟಿದ ಮರವನ್ನೂ ಕಟ್ಟದ ಮರವನ್ನೂ ಒಂದೇ ತೋಟದಲ್ಲಿ, ಒಂದೇ ಮಳೆಯಲ್ಲಿ ನೋಡಿದವರಿಗೆ ಈ ಅನುಭವವು ದೊರಕಿದ್ದಿರಬೇಕು. ಆದರೆ ರೋಗಕ್ಕೆ ಕಾರಣವು ನೀರೋ, ನೀರಿನ ಆಶ್ರಯದಲ್ಲಿ ಬೆಳೆಯುವ ಮತ್ತೊಂದೋ ಎಂಬ ಪ್ರಶ್ನೆಗೆ ಕೊಟ್ಟೆಯು ಉತ್ತರ ಕೊಡಲಾರದು; ಏಕೆಂದರೆ ಅದು ನೀರನ್ನು ತಡೆಯುವಾಗಲೇ ನೀರಿನೊಡನೆ ಬರುವ ಮಿಕ್ಕುದನ್ನೂ ತಡೆಯುತ್ತದೆ.

ಈ ಪ್ರಶ್ನೆಗೆ ಉತ್ತರವನ್ನು ಶೋಧಿಸಿದವರಲ್ಲಿ ಅಗ್ರಗಣ್ಯರು, ಕೆನಡಾ ದೇಶದಿಂದ ಬಂದು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಲೆಸ್ಲಿ ಕೋಲ್ಮನ್ ಅವರು. 1910ರಲ್ಲಿ ಹೊರಬಿದ್ದ ಅವರ ವರದಿಯು, ಕೊಳೆರೋಗಕ್ಕೆ ಫೈಟಾಫ್ತರಾ ಎಂಬ ಕುಲಕ್ಕೆ ಸೇರಿದ, ಶಿಲೀಂಧ್ರದಂಥ ಸೂಕ್ಷ್ಮಜೀವಿಯು ಕಾರಣವೆಂದು ವಿವರಿಸಿತು. ಅದರ ನಿವಾರಣೆಗೆ ಮೈಲುತುತ್ತ ಮತ್ತು ಸುಣ್ಣವನ್ನು ನೀರಿನಲ್ಲಿ ಬೆರೆಸಿದ ಬೋರ್ಡೋ ಮಿಶ್ರಣವನ್ನು ಸಿಂಪಡಿಸುವ ಪದ್ಧತಿಯು ಮಲೆನಾಡಿನ ತೋಟಗಳಿಗೆ ಬಂದಿತು. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕವು ಇಂದಿಗೂ ಬೆಳೆಗಾರರ ನಾಲಗೆಯ ಮೇಲಿದೆ. ಮಳೆಯನ್ನು ತಡೆಯದೆ, ಕಾಯಿಯನ್ನು ತೋಯಗೊಟ್ಟೇ, ಆ ರೋಗಾಣುವನ್ನು ಮಾತ್ರ ನಿಗ್ರಹಿಸಿದಾಗ ರೋಗವು ತಗ್ಗುವುದೆಂದರೆ, ನೀರು ಮತ್ತು ರೋಗಾಣು ಎಂಬ ಎರಡು ಅಂಶಗಳನ್ನು ಬಿಡಿಸಿ ನೋಡಿದಂತಾಯಿತು. ಒಂದಿಲ್ಲದೆ ಇನ್ನೊಂದು ಅನರ್ಥವನ್ನು ಮಾಡದು. ಎರಡೂ ಕೂಡಿದಲ್ಲಿ ಕೊಳೆ.

ಈ ಮಿಶ್ರಣದ ಜನನವೃತ್ತಾಂತವೂ ನಮ್ಮ ವಿಷಯಕ್ಕೆ ಒಪ್ಪುವಂಥದು. ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ದಾರಿಹೋಕರು ದ್ರಾಕ್ಷಿಯನ್ನು ಕಿತ್ತು ತಿನ್ನದಿರಲೆಂದು, ರಸ್ತೆಯ ಅಂಚಿನ ಬಳ್ಳಿಗಳಿಗೆ ಮಾತ್ರ ತಾಮ್ರದ ಲವಣವನ್ನೂ ಸುಣ್ಣವನ್ನೂ ಬೆರೆಸಿ ಎರಚುವ ರೂಢಿಯಿತ್ತು. 1882ರಲ್ಲಿ ಆ ಮಾರ್ಗವಾಗಿ ಹೋಗುತ್ತಿದ್ದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಅವರು, ತೋಟದ ಒಳಗಿನ ಬಳ್ಳಿಗಳು ಬೂಜುರೋಗದಿಂದ ಎಲೆಯುದುರಿ ನಿಂತಿರುವಾಗ ಅಂಚಿನವು ಹಸಿರಾಗಿರುವುದನ್ನು ಗಮನಿಸಿದರು. ಇಲ್ಲಿಗೆ ನಿಲ್ಲಿಸಿ ಮಕ್ಕಳನ್ನು ಕೇಳಬೇಕು: ಅಂಚಿನ ಬಳ್ಳಿಗಳಿಗೆ ತಾಮ್ರವು ಮಾತ್ರವೇ ಹೆಚ್ಚಾಗಿ ದೊರಕಿತ್ತೇ? ಬಿಸಿಲು ಹೆಚ್ಚಾಗಿರಲಾರದೆ? ಗಾಳಿ ಹೆಚ್ಚಾಗಿ ಆಡಿರಲಾರದೆ? ರಸ್ತೆಯ ಧೂಳು ಎಲೆಯ ಮೇಲೆ ಕುಳಿತಿರಲಾರದೆ? ಆ ದೃಶ್ಯವು ಒಂದು ಊಹೆಯನ್ನು ಕೊಡಬಲ್ಲದೇ ಹೊರತು ನಿರ್ಣಯವನ್ನು ಕೊಡಲಾರದು. ಮಿಲಾರ್ಡೆಯವರು ರಸಾಯನಶಾಸ್ತ್ರಜ್ಞ ಗೇಯಾನ್ ಅವರ ಸಹಾಯದಿಂದ ಪ್ರಯೋಗಗಳನ್ನು ನಡೆಸಿ, 1885ರಲ್ಲಿ ಫಲವನ್ನು ಪ್ರಕಟಿಸಿದ ಮೇಲೆಯೇ ಊಹೆಯು ವಿದ್ಯೆಯಾಯಿತು. ನೋಡಿದ್ದಕ್ಕೂ ನಿರ್ಣಯಿಸಿದ್ದಕ್ಕೂ ನಡುವೆ ಇರುವ ಈ ಅಂತರವನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಸೊಗಸಾದ ಕಥೆಯನ್ನು ನಾನರಿಯೆ.

ಮೂರನೆಯ ಭಾಗವನ್ನು ಕಾಫಿಯ ಗಿಡದಿಂದ ಆರಂಭಿಸುತ್ತೇನೆ, ಏಕೆಂದರೆ ಈ ಸಭೆಯಲ್ಲಿ ಅದನ್ನು ನನಗಿಂತ ಚೆನ್ನಾಗಿ ಬಲ್ಲವರೇ ಹೆಚ್ಚು. ತೋಟಗಾರರೊಬ್ಬರು ಹೊಸ ಗೊಬ್ಬರವೊಂದನ್ನು ತರಿಸಿ ತೋಟಕ್ಕೆಲ್ಲ ಹಾಕಿಸಿದರೆನ್ನೋಣ; ಅದೇ ವರುಷ ಹೂಮಳೆಯೂ ಹದವರಿತು ಬಂದಿತೆನ್ನೋಣ; ಫಸಲು ತುಂಬಿ ಬಂದಾಗ ಕೀರ್ತಿಯು ಗೊಬ್ಬರಕ್ಕೆ ಸಲ್ಲುವುದು ಲೋಕರೂಢಿ. ಆದರೆ ಹೂಮಳೆಯ ಪಾಲೆಷ್ಟು? ಅರೇಬಿಕಾ ಗಿಡವು ಒಂದು ವರುಷ ಹೆಚ್ಚು ಹೊತ್ತರೆ ಮರುವರುಷ ಕಡಿಮೆ ಹೊರುವ ಸ್ವಭಾವದ್ದಾದುದರಿಂದ, ಹಿಂದಿನ ವರುಷದ ಬಡ ಫಸಲಿನ ಪಾಲೆಷ್ಟು? ಹಾಲುವಾಣದ ರೆಂಬೆಗಳನ್ನು ಕಡಿಸಿ ನೆರಳನ್ನು ತೆಳುಮಾಡಿದ್ದರೆ ಅದರ ಪಾಲೆಷ್ಟು? ಇವುಗಳಲ್ಲಿ ಯಾವೊಂದನ್ನೂ ಅವರು ಬಚ್ಚಿಟ್ಟಿರಲಿಲ್ಲ. ಎಲ್ಲವೂ ಕಣ್ಣೆದುರಿಗೇ ಇದ್ದು, ಲೆಕ್ಕಕ್ಕೆ ಮಾತ್ರ ಬಾರದೆ ಹೋದವು. ಅದೇ ಇಳಿಜಾರಿನಲ್ಲಿ, ಅದೇ ವಯಸ್ಸಿನ ಗಿಡಗಳ ಕೆಲವು ಸಾಲುಗಳಿಗೆ ಗೊಬ್ಬರ ಹಾಕದೆ ಬಿಟ್ಟಿದ್ದರೆ ಆ ಸಾಲುಗಳೇ ಸಾಕ್ಷಿ ನುಡಿಯುತ್ತಿದ್ದವು. ಹೂಮಳೆಯು ಎರಡು ಬಗೆಯ ಸಾಲುಗಳಿಗೂ ಸಮನಾಗಿಯೇ ಬಿದ್ದಿರುತ್ತಿತ್ತು.

ಹೀಗೆ ಎದುರಿಗಿದ್ದೂ ಕಾಣದ ಅಂಶಗಳೊಂದು ಬಗೆಯಾದರೆ, ನಿಜವಾಗಿಯೂ ಕಣ್ಣಿಗೆ ಕಾಣದ ಅಂಶಗಳು ಇನ್ನೊಂದು ಬಗೆ. 1869ರಲ್ಲಿ ಸಿಂಹಳದ್ವೀಪದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಅಲ್ಲಿನ ಕಾಫಿಯನ್ನು ಹಾಳುಗೆಡವಿ, ನಮ್ಮ ನಾಡಿಗೂ ಬೇಗನೆ ವ್ಯಾಪಿಸಿತು. 1911ರ ಸುಮಾರಿಗೆ ಮೈಸೂರು ಸೀಮೆಯ ತೋಟವೊಂದರಲ್ಲಿ ಆರಿಸಿ ತೆಗೆದ ಕೆಂಟ್ಸ್ ಎಂಬ ತಳಿಯು ಈ ತುಕ್ಕನ್ನು ತಡೆಯುವುದೆಂದು ಹೆಸರಾಯಿತು. ಆದರೆ ಕಾಲಕ್ರಮದಲ್ಲಿ ಅದೇ ತಳಿಯ ಎಲೆಗಳ ಮೇಲೆಯೂ ತುಕ್ಕು ಕಾಣಿಸಿಕೊಂಡಿತು. ಗಿಡವು ಅದೇ, ರೋಗವೂ ಅದೇ. ಹಾಗಿದ್ದೂ ಫಲವು ಬೇರೆಯಾದುದೇಕೆ? ಮಣ್ಣೆಂದೋ, ನೆರಳೆಂದೋ, ಗಿಡಕ್ಕೆ ವಯಸ್ಸಾಯಿತೆಂದೋ ಸಮಾಧಾನ ಹೇಳಿಕೊಳ್ಳುವುದು ಸುಲಭವಾಗಿತ್ತು.

1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಸರ್ಕಾರವು ಸ್ಥಾಪಿಸಿದ ಕಾಫಿ ಪ್ರಯೋಗಕ್ಷೇತ್ರದಲ್ಲಿ, ಎಂದರೆ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ, ಕೆಲಸಮಾಡುತ್ತಿದ್ದ ವಿಲ್ಸನ್ ಮೇಯ್ನ್ ಅವರು 1932ರಲ್ಲಿ ಈ ಒಗಟಿಗೆ ಉತ್ತರವನ್ನು ಪ್ರಕಟಿಸಿದರು. ತುಕ್ಕೆಂದು ನಾವು ಒಂದೇ ಹೆಸರಿನಿಂದ ಕರೆಯುವ ಶಿಲೀಂಧ್ರದಲ್ಲಿಯೇ ಬೇರೆ ಬೇರೆ ಪಂಗಡಗಳಿವೆ. ನೋಟಕ್ಕೆ ಒಂದೇ ಬಗೆಯಾದರೂ, ಒಂದು ಪಂಗಡವು ಕೆಂಟ್ಸ್ ತಳಿಯನ್ನು ಹಿಡಿಯಲಾರದು, ಇನ್ನೊಂದು ಹಿಡಿಯಬಲ್ಲದು. ಈ ವಿಚಾರಕ್ರಮವನ್ನು ಮಕ್ಕಳ ಭಾಷೆಗೆ ಇಳಿಸಿದರೆ ಅದು ಲೋಲಕದ ಪಾಠವೇ ಆಗುತ್ತದೆ: ಗಿಡವನ್ನು ಸ್ಥಿರವಾಗಿಟ್ಟು ತುಕ್ಕನ್ನು ಬದಲಿಸು, ತುಕ್ಕನ್ನು ಸ್ಥಿರವಾಗಿಟ್ಟು ಗಿಡವನ್ನು ಬದಲಿಸು, ಎರಡು ಪಟ್ಟಿಗಳನ್ನೂ ಎದುರುಬದುರಾಗಿಟ್ಟು ಓದು. ಸ್ಥಿರವೆಂದು ನಾವು ನಂಬಿದ್ದ ಅಂಶವೇ ಬದಲಾಗುತ್ತಿದ್ದುದು ಆಗ ಹೊರಬೀಳುತ್ತದೆ. ಆದುದರಿಂದ ಎಲ್ಲವನ್ನೂ ಸಮನಾಗಿಟ್ಟೆನೆಂದು ಹೇಳುವ ವಿದ್ಯಾರ್ಥಿಗೆ, ಸಮನಾಗಿದೆಯೆಂದು ನೀನು ಹೇಗೆ ಬಲ್ಲೆ ಎಂಬ ಮರುಪ್ರಶ್ನೆಯನ್ನು ಕೇಳುವ ಅಭ್ಯಾಸವು ಅಧ್ಯಾಪಕರಲ್ಲಿ ಇರಬೇಕು.

ಇಷ್ಟು ಹೇಳಿದ ಮೇಲೆ, ನಾಲ್ಕನೆಯದೂ ನನ್ನ ದೃಷ್ಟಿಯಲ್ಲಿ ಮುಖ್ಯವೂ ಆದ ಭಾಗಕ್ಕೆ, ಎಂದರೆ ಶಾಲೆಯ ಕೋಣೆಗೆ, ಬರುತ್ತೇನೆ. ಕಾಫಿಯ ಬೀಜವು ಮೊಳೆತು ಮಣ್ಣಿನಿಂದ ತಲೆಯೆತ್ತಲು ಸುಮಾರು ಒಂದೂವರೆ ತಿಂಗಳು ಬೇಕಾಗುವುದರಿಂದ ಅದು ಮಕ್ಕಳ ತಾಳ್ಮೆಗೆ ಒಗ್ಗದು. ಎರಡು ಮೂರು ದಿನಗಳಲ್ಲಿ ಮೊಳೆಯುವ ಹೆಸರುಕಾಳೇ ಉತ್ತಮ. ಬೀಜವು ಮೊಳೆಯಲು ಬೆಳಕು ಬೇಕೇ ಎಂಬುದು ಎಲ್ಲ ಶಾಲೆಗಳಲ್ಲಿಯೂ ನಡೆಯುವ ಪ್ರಯೋಗ. ಮಳೆಗಾಲದಲ್ಲಿ ಈ ಸೀಮೆಯ ಮಗುವಿಗೆ ಕತ್ತಲೆಯ ಜಾಗವನ್ನು ಹುಡುಕೆಂದರೆ ಅದು ಲೋಟವನ್ನು ಒಯ್ದು ಇಡುವುದು ಒಲೆಯ ಮೇಲಿನ ಅಟ್ಟದಲ್ಲಿ. ಬೆಳಕಿನ ಜಾಗವೆಂದರೆ ತಣ್ಣನೆಯ ಇರಚಲು ಬಡಿಯುವ ಕಿಟಕಿ. ಅಟ್ಟದ ಕಾಳು ಬೇಗ ಮೊಳೆಯುತ್ತದೆ. ಕತ್ತಲೆಯೇ ಮೊಳಕೆಗೆ ಹಿತವೆಂದು ಮಗು ಬರೆದುತರುತ್ತದೆ. ಬೆಳಕಿನೊಡನೆ ಬಿಸುಪೂ ಬದಲಾಯಿತೆಂಬುದನ್ನು ಬಾಯಿಂದ ಹೇಳಿಬಿಡುವ ಬದಲು, ಎರಡು ಲೋಟಗಳನ್ನೂ ಕಿಟಕಿಯಲ್ಲಿಯೇ ಅಕ್ಕಪಕ್ಕದಲ್ಲಿರಿಸಿ, ಒಂದನ್ನು ಬೆಳಕು ಹಾಯುವ ಗಾಜಿನ ಪಾತ್ರೆಯಿಂದಲೂ ಇನ್ನೊಂದನ್ನು ಕಪ್ಪು ಕಾಗದ ಸುತ್ತಿದ ಅಂಥದೇ ಪಾತ್ರೆಯಿಂದಲೂ ಮುಚ್ಚುವಂತೆ ಮಾಡಿದರೆ, ಮೊಳೆಯುವುದರಲ್ಲಿ ಇದ್ದ ವ್ಯತ್ಯಾಸವು ಬಹುಮಟ್ಟಿಗೆ ಮಾಯವಾಗುವುದನ್ನು ಮಗುವೇ ಕಾಣುತ್ತದೆ.

ಅದೇ ಪ್ರಯೋಗವನ್ನು ಇನ್ನೂ ಕೆಲವು ದಿನ ಮುಂದುವರಿಸಿದರೆ ಎರಡನೆಯ ಪಾಠವೊಂದು ದೊರೆಯುತ್ತದೆ. ಕತ್ತಲೆಯ ಸಸಿಯು ಬಿಳಿಚಿಕೊಂಡು ನೀಳವಾಗಿ ಏಳುತ್ತದೆ; ಬೆಳಕಿನದು ಗಿಡ್ಡವಾಗಿ, ಹಸಿರಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಚೆನ್ನಾಗಿ ಬೆಳೆದದ್ದು ಯಾವುದು? ಎತ್ತರವನ್ನು ಅಳೆದವನಿಗೆ ಒಂದು ಉತ್ತರ, ಎಲೆಯ ಬಣ್ಣವನ್ನು ನೋಡಿದವನಿಗೆ ಇನ್ನೊಂದು. ಆದುದರಿಂದ ಏನನ್ನು ಅಳೆಯುವೆವೆಂಬುದನ್ನು ಪ್ರಯೋಗಕ್ಕೆ ಮುಂಚೆಯೇ ಹಲಗೆಯ ಮೇಲೆ ಬರೆದು ಒಪ್ಪಿಕೊಳ್ಳಬೇಕು. ಫಲವನ್ನು ಕಂಡ ಮೇಲೆ ಅಳತೆಗೋಲನ್ನು ಆರಿಸಿಕೊಳ್ಳುವುದು ವಿಜ್ಞಾನದಲ್ಲಿ ಸಲ್ಲದು.

ಮಳೆಯೇ ಈ ಊರಿನ ಸಂಪತ್ತಾಗಿರುವಾಗ ಮಳೆಯ ಪ್ರಯೋಗವನ್ನು ಬಿಡಲಾದೀತೇ? ತೋಟದ ಮನೆಗಳಲ್ಲಿ ಮಳೆಮಾಪಕವನ್ನಿಟ್ಟು ಇಂಚು ಮತ್ತು ಸೆಂಟುಗಳಲ್ಲಿ ದಿನದಿನದ ಮಳೆಯನ್ನು ಪುಸ್ತಕಕ್ಕೇರಿಸುವ ಪದ್ಧತಿಯು ಮಲೆನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅಗಲ ಬಾಯಿಯ ಡಬ್ಬ ಮತ್ತು ಕಿರಿದು ಬಾಯಿಯ ಡಬ್ಬ, ಎರಡೂ ನೆಟ್ಟನೆಯ ಗೋಡೆಯವು, ಬಯಲಿನಲ್ಲಿ ಜೊತೆಯಾಗಿ ಇಡಲ್ಪಟ್ಟರೆ, ಹೆಚ್ಚು ಎತ್ತರಕ್ಕೆ ನೀರು ನಿಲ್ಲುವುದು ಯಾವುದರಲ್ಲಿ ಎಂದು ಕೇಳಿದರೆ, ಅಗಲವಾದುದರಲ್ಲಿ ಎಂದು ಹೇಳುವ ಮಕ್ಕಳೂ ಕಿರಿದಾದುದರಲ್ಲಿ ಎಂದು ಹೇಳುವ ಮಕ್ಕಳೂ ಇರುತ್ತಾರೆ. ಮಳೆ ನಿಂತ ಮೇಲೆ ಕಡ್ಡಿಯಿಳಿಸಿ ನೋಡಿದರೆ ಎರಡರಲ್ಲಿಯೂ ಮಟ್ಟವು ಒಂದೇ. ಬಾಯಿಯ ಅಗಲವೆಂಬ ಅಂಶವು ಬದಲಾದರೂ ಮಳೆಯ ಅಳತೆಯು ಬದಲಾಗದೆಂದು ಹೀಗೆ ತಿಳಿದ ಮಕ್ಕಳು, ಅದೇ ಡಬ್ಬವನ್ನು ಒಮ್ಮೆ ಮರದಡಿಯಲ್ಲಿಯೂ ಒಮ್ಮೆ ಸೂರಿನಂಚಿನಲ್ಲಿಯೂ ಇಟ್ಟು, ಇಡುವ ಸ್ಥಳವೆಂಬ ಅಂಶವು ಅಳತೆಯನ್ನು ಎಷ್ಟು ಕೆಡಿಸುವುದೆಂಬುದನ್ನೂ ಕಾಣಲಿ. ಬಿಸಿಲೆಯ ಕಡೆಯ ಶಾಲೆಯೊಂದೂ ಆಲೂರಿನ ಕಡೆಯ ಶಾಲೆಯೊಂದೂ ಈ ನಿಯಮಗಳನ್ನು ಸಮನಾಗಿ ಪಾಲಿಸಿ ತಮ್ಮ ಲೆಕ್ಕಗಳನ್ನು ಪರಸ್ಪರ ಕಳುಹಿಸಿಕೊಂಡರೆ, ಘಟ್ಟದ ಅಂಚಿನಿಂದ ಮೂಡಲಿಗೆ ಸರಿದಂತೆ ಮಳೆಯು ತಗ್ಗುವ ಸಂಗತಿಯು ಭೂಗೋಳದ ಪುಸ್ತಕದಿಂದಿಳಿದು ಅವರ ಕೈಗೆ ಬರುತ್ತದೆ.

ಎರಡು ಕಾರಣಗಳು ಕೂಡಿ ಕೆಲಸಮಾಡುವ ಬಗೆಯನ್ನು, ಕೊಳೆರೋಗದಲ್ಲಿ ಕಂಡಂತೆ, ತೋರಿಸಬೇಕಾದರೆ ಅಕ್ಕಿರೊಟ್ಟಿಯೇ ಸಾಕು. ಒಂದೇ ರೊಟ್ಟಿಯನ್ನು ನಾಲ್ಕು ಚೂರು ಮಾಡಿ, ಎರಡನ್ನು ಗರಿಗರಿಯಾಗಿ ಒಣಗಿಸಿ, ಎರಡನ್ನು ನೀರು ಚಿಮುಕಿಸಿ ಒದ್ದೆಮಾಡಿ, ನಾಲ್ಕನ್ನೂ ಒಂದೇ ಬಗೆಯ ಮುಚ್ಚಿದ ಸೀಸೆಗಳಲ್ಲಿಡಬೇಕು. ಒಣಗಿದುದೊಂದು ಒದ್ದೆಯದೊಂದು ಬೆಚ್ಚನೆಯ ಜಾಗಕ್ಕೆ, ಮಿಕ್ಕೆರಡು ತಣ್ಣನೆಯ ಮೂಲೆಗೆ. ಒಣಗಿದ ಚೂರುಗಳಲ್ಲಿ ಬೂಜು ಸುಳಿಯದಿರುವುದನ್ನೂ, ಒದ್ದೆಯವುಗಳಲ್ಲಿ ಬೆಚ್ಚಗಿರುವುದಕ್ಕೆ ಅದು ಮೊದಲು ಬರುವುದನ್ನೂ ಕಂಡ ಮಗು, ಬಿಸುಪು ಬೂಜಿಗೆ ಕಾರಣವೇ ಎಂಬ ಪ್ರಶ್ನೆಗೆ, ತೇವವಿದ್ದಲ್ಲಿ ಹೌದು, ಇಲ್ಲದಲ್ಲಿ ಅಲ್ಲ ಎಂಬ ಸೂಕ್ಷ್ಮವಾದ ಉತ್ತರವನ್ನು ಕೊಡಲು ಕಲಿಯುತ್ತದೆ. ಸೀಸೆಗಳನ್ನು ತೆರೆಯದೆಯೇ ವಿಲೇವಾರಿ ಮಾಡಬೇಕೆಂಬ ಎಚ್ಚರಿಕೆಯನ್ನು ಇದರೊಂದಿಗೆ ಸೇರಿಸುತ್ತೇನೆ.

ಇಲ್ಲಿ ಸಹಜವಾಗಿ ಏಳುವ ಒಂದು ಆಕ್ಷೇಪವನ್ನು ಪರಿಶೀಲಿಸೋಣ. ಎಷ್ಟೇ ಎಚ್ಚರ ವಹಿಸಿದರೂ ಎಲ್ಲವನ್ನೂ ಸಮನಾಗಿಡುವುದು ಸಾಧ್ಯವೇ? ಒಂದು ಕಾಳು ಇನ್ನೊಂದರಂತಿಲ್ಲ. ಗದ್ದೆಯ ಮೇಲಿನ ಮಡಿಯಿಂದ ಸಾರವು ಕೊಚ್ಚಿ ಕೆಳಗಿನ ಮಡಿಗೆ ಇಳಿಯುತ್ತದೆ. ಸಾಧ್ಯವಿಲ್ಲವೆಂಬುದೇ ಪ್ರಾಮಾಣಿಕವಾದ ಉತ್ತರ. ಸಮನಾಗಿಡಲಾರದ ಅಂಶಗಳಿಗೆ ವಿಜ್ಞಾನವು ಎರಡು ಉಪಾಯಗಳನ್ನು ಕಂಡುಕೊಂಡಿದೆ. ಒಂದು, ಪುನರಾವೃತ್ತಿ: ಒಂದು ಕಾಳಿನ ಬದಲು ಪ್ರತಿ ಲೋಟದಲ್ಲಿ ಹತ್ತು ಹತ್ತು ಕಾಳುಗಳನ್ನಿಟ್ಟು ಎಷ್ಟು ಮೊಳೆತವೆಂದು ಎಣಿಸುವುದು. ಇನ್ನೊಂದು, ಯಾವ ಮಡಿಗೆ ಯಾವ ಗೊಬ್ಬರವೆಂಬುದನ್ನು ನಮ್ಮ ಇಷ್ಟಕ್ಕೆ ಬಿಡದೆ ಚೀಟಿಯೆತ್ತಿ ನಿರ್ಧರಿಸುವುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಶರ್ ಅವರು ಈ ಚೀಟಿಯೆತ್ತುವ ಕ್ರಮಕ್ಕೆ ಗಣಿತದ ಭದ್ರವಾದ ತಳಹದಿಯನ್ನು ಹಾಕಿದರು. ಮಕ್ಕಳಿಗೆ ಅದರ ಗಣಿತವು ಬೇಡ. ಚೀಟಿ ಎತ್ತಿದಾಗ ನಮ್ಮ ಪಕ್ಷಪಾತಕ್ಕೆ ಎಡೆಯಿಲ್ಲವೆಂಬ ನ್ಯಾಯವು ಅವರಿಗೆ ಆಟದ ಮೈದಾನದಿಂದಲೇ ತಿಳಿದಿದೆ.

ಕೊನೆಯದಾಗಿ ಬೋಧನೆಯ ವಿಧಾನವನ್ನು ಕುರಿತು ಎರಡು ಮಾತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಪ್ರಾರಂಭವಾಗಿ ಮೂವತ್ತು ವರುಷ ನಡೆದ ವಿಜ್ಞಾನಬೋಧನೆಯ ಕಾರ್ಯಕ್ರಮವು, ಹಳ್ಳಿಯ ಮಕ್ಕಳು ಅಗ್ಗದ ಸಾಮಗ್ರಿಗಳಿಂದ ತಾವೇ ಪ್ರಯೋಗಮಾಡಿ ತಾವೇ ತೀರ್ಮಾನಕ್ಕೆ ಬರಬಲ್ಲರೆಂಬುದನ್ನು ತೋರಿಸಿಕೊಟ್ಟಿತು. ಅತ್ತ, ಅಮೆರಿಕದಲ್ಲಿ ಚೆನ್ ಮತ್ತು ಕ್ಲಾರ್ ಎಂಬ ಮನೋವಿಜ್ಞಾನಿಗಳು 1999ರಲ್ಲಿ ಪ್ರಕಟಿಸಿದ ಅಧ್ಯಯನವು, ಒಂದನ್ನು ಮಾತ್ರ ಬದಲಿಸಬೇಕೆಂಬ ಕ್ರಮವನ್ನು ಉದಾಹರಣೆಸಹಿತ ಬಿಡಿಸಿ ಹೇಳಿದಾಗ ಏಳರಿಂದ ಹತ್ತು ವರುಷದ ಮಕ್ಕಳೂ ಅದನ್ನು ಕಲಿಯಬಲ್ಲರೆಂದೂ, ಹೇಳಿಕೊಡದೆ ಪ್ರಯೋಗಕ್ಕೆ ಬಿಟ್ಟಮಾತ್ರಕ್ಕೆ ಅದು ಸುಲಭವಾಗಿ ಬಾರದೆಂದೂ ಕಂಡಿತು. ಇವೆರಡೂ ಒಂದನ್ನೊಂದು ಖಂಡಿಸುವ ಮಾತುಗಳೆಂದು ನನಗೆ ತೋರುವುದಿಲ್ಲ. ಪ್ರಶ್ನೆಯೂ ಕೈಕೆಲಸವೂ ತೀರ್ಮಾನವೂ ಮಗುವಿನವಾಗಿರಲಿ. ಹೋಲಿಕೆಯು ನ್ಯಾಯವಾಗಿದೆಯೇ ಎಂದು ವಿಚಾರಿಸುವ ಕ್ರಮವನ್ನು ಮಾತ್ರ ಅಧ್ಯಾಪಕನು ಸ್ಪಷ್ಟವಾಗಿ ಹೇಳಿಕೊಡಲಿ. ಸಾಧ್ಯವಾದರೆ, ಬೇಕೆಂದೇ ಕೆಡಿಸಿದ ಪ್ರಯೋಗವೊಂದನ್ನು ತರಗತಿಯ ಮುಂದಿಟ್ಟು, ಇದರಲ್ಲಿ ಎಷ್ಟು ಅಂಶಗಳು ಒಟ್ಟಿಗೆ ಬದಲಾಗಿವೆಯೆಂದು ಹುಡುಕಹಚ್ಚಲಿ. ಇತರರ ಪ್ರಯೋಗದಲ್ಲಿ ಲೋಪವನ್ನು ಹುಡುಕುವ ಉತ್ಸಾಹವು ಮಕ್ಕಳಲ್ಲಿ ಎಂದೂ ಬತ್ತದು.

ಸಭಿಕರೇ, ಈ ಮಕ್ಕಳಲ್ಲಿ ಎಲ್ಲರೂ ವಿಜ್ಞಾನಿಗಳಾಗುವುದಿಲ್ಲ. ಆದರೆ ಎಲ್ಲರೂ ಮುಂದೊಂದು ದಿನ ತೋಟಕ್ಕೆ ಗೊಬ್ಬರವನ್ನು ಕೊಳ್ಳುತ್ತಾರೆ, ಮನೆಯವರ ಕಾಯಿಲೆಗೆ ಔಷಧಿಯನ್ನು ಆರಿಸುತ್ತಾರೆ, ಇದರಿಂದಲೇ ಅದಾಯಿತೆಂದು ಗಟ್ಟಿಯಾಗಿ ಕೂಗುವವರ ಮಾತನ್ನು ಕೇಳುತ್ತಾರೆ. ಆಗ, ಜೊತೆಯಲ್ಲಿ ಇನ್ನೇನೇನು ಬದಲಾಗಿತ್ತು, ಔಷಧಿ ತೆಗೆದುಕೊಳ್ಳದವರಿಗೆ ಏನಾಯಿತು, ಒಬ್ಬರಿಗಾದುದು ಹತ್ತು ಜನರಿಗೂ ಆಯಿತೇ ಎಂಬ ಮೂರು ಪ್ರಶ್ನೆಗಳು ಅವರ ಮನಸ್ಸಿನಲ್ಲಿ ಏಳುವುದಾದರೆ, ಹೆಸರುಕಾಳಿಗೂ ಅಕ್ಕಿರೊಟ್ಟಿಗೂ ನಾವು ವ್ಯಯಿಸಿದ ಕಾಲವು ಸಾರ್ಥಕ. ಈ ದತ್ತಿಯ ಆದಾಯದಲ್ಲಿ ಒಂದು ಸಣ್ಣ ಪಾಲನ್ನು ಸುತ್ತಲಿನ ಶಾಲೆಗಳಿಗೆ ತಲಾ ಒಂದು ಮಳೆಮಾಪಕವನ್ನೂ ಒಂದು ದಪ್ಪ ಲೆಕ್ಕದ ಪುಸ್ತಕವನ್ನೂ ಕೊಡಿಸಲು ವಿನಿಯೋಗಿಸಬೇಕೆಂದು ವ್ಯವಸ್ಥಾಪಕರಲ್ಲಿ ವಿನಂತಿಸಿಕೊಳ್ಳುತ್ತೇನೆ.